ಒಂದು ಹನಿಯೂ ಸೋರದ ನಳ

ತಂಟೆ ಶುರುವಾದದ್ದು ಬೋರ್ಡಿನಿಂದ. ಸುರಪುರದ ಬಜಾರಿನಲ್ಲಿ ಅಜ್ಜ ಶಾಂತಪ್ಪ ಹಾಕಿದ ನಳ, ಪೈಪು, ವೈರಿನ ಅಂಗಡಿಗೆ ಅರವತ್ತು ತುಂಬಿತೆಂದು ಮೊಮ್ಮಗ ಸಂಗಮನಾಥ ಹೊಸ ಬೋರ್ಡು ಬರೆಸಿದ. ಹೆಸರಿನ ಕೆಳಗೆ ಒಂದಿಷ್ಟು ಜಾಗ ಉಳಿಯಿತು. ಖಾಲಿ ಜಾಗ ಕಂಡರೆ ಸಂಗಮನಾಥನಿಗೆ ಕನಸು ಬೀಳುತ್ತದೆ. ‘ಅಜ್ಜ ಕೂಡಿಸಿದ ಮೊದಲ ನಳ ರಂಗಂಪೇಟೆಯಲ್ಲಿ ಇಂದಿಗೂ ಇದೆ. ಅರವತ್ತು ವರ್ಷ, ಒಂದು ಹನಿಯೂ ಸೋರಿಲ್ಲ’ ಎಂದು ಬರೆಸಿಬಿಟ್ಟ.

ಸುಳ್ಳೇನಲ್ಲ. ಭೀಮಾಬಾಯಿಯ ಮನೆಯಂಗಳದ ಗೋಡೆಯಲ್ಲಿ ಆ ಹಿತ್ತಾಳೆ ನಳ ಇದ್ದೇ ಇದೆ. ಅವಳು ಮದುವೆಯಾಗಿ ಬಂದಾಗ, ಸೊಸೆ ಬಾವಿಗೆ ಹೋಗಬಾರದೆಂದು ಮಾವ ಹಾಕಿಸಿದ್ದು. ಸೋಮವಾರಕ್ಕೊಮ್ಮೆ ಹುಣಸೆಹಣ್ಣು ತಿಕ್ಕಿ, ವಿಭೂತಿ ಹಚ್ಚಿ, ಇನ್ನೊಬ್ಬರ ಕೈ ತಾಗಗೊಡದೆ ಅದನ್ನು ಕಾಯುತ್ತಾಳೆ. ಬಳಕೆಗೆ ಮಾಳಿಗೆಯ ಮೇಲೆ ನೀರಿನ ಟಾಕಿ ಇದೆ; ಕುಡಿಯುವ ನೀರು ಹಿಡಿಯುವುದೇನಿದ್ದರೂ ಬಾಗಿಲ ಮುಂದಿನ ಪುರಸಭೆಯ ನಳದಲ್ಲಿ.

ಸಂಗಮನಾಥ ಅಂಗಡಿಯ ಗಲ್ಲೆಯ ಮೇಲೆ ಕೂತನೆಂದರೆ ಎದುರಿನ ಗಿರಾಕಿಯೂ ಕಾಣುವುದಿಲ್ಲ. ಯಾದಗಿರಿ ಸ್ಟೇಷನ್ನಿನಿಂದ ಅಜ್ಜ ಎತ್ತಿನ ಬಂಡಿಯಲ್ಲಿ ಕಬ್ಬಿಣದ ಪೈಪು ಹೇರಿಕೊಂಡು ಬರುವುದು ಕಾಣುತ್ತದೆ. ಕಾಲುವೆಗೆ ನೀರು ಬಂದ ವರ್ಷ ಅಪ್ಪ ಹುಣಸಗಿಯ ಹೊಲಗಳಿಗೆ ಮೋಟರು ಸಾಗಿಸಿದ್ದು, ಕತ್ತಲೆಯ ಹಳ್ಳಿಗಳಲ್ಲಿ ತಮ್ಮ ಅಂಗಡಿಯ ಬಲ್ಬುಗಳು ಒಂದೊಂದಾಗಿ ಹೊತ್ತಿಕೊಂಡದ್ದು ಕಾಣುತ್ತದೆ. ಆ ಹೊತ್ತಿನಲ್ಲಿ ಪೈಪಿನ ಎಲ್ಬೋ ಕೇಳಿದವನಿಗೆ ಬಲ್ಬಿನ ಹೋಲ್ಡರು ಕಟ್ಟಿಕೊಟ್ಟು ಕಳಿಸುತ್ತಾನೆ.

ಒಂದು ಮುಂಜಾನೆ ಕನಸು ಒಡೆದದ್ದು ಫೋನಿನಿಂದ. ಪೈಪು ಕಂಪನಿಯ ಸಾಹೇಬ ಶರಣಕುಮಾರ, ಯಾದಗಿರಿಯಿಂದ.

“ನಿಮ್ಮ ಬೋರ್ಡಿನ ಫೋಟೊ ನೋಡೀನ್ರಿ. ನಾಕ ಗಂಟೆಕ್ಕ ಆ ನಳಾ ನೋಡಾಕ ಬರ್ತೀನಿ. ಖರೇ ಇದ್ರ ತಾಲೂಕಿನ ಏಜನ್ಸಿ ನಿಮಗ. ಇಲ್ಲಂದ್ರ ಬಸ್ ಸ್ಟ್ಯಾಂಡಿನ ಗಾಜಿನ ಅಂಗಡ್ಯಾವ್ರು ಕಾಯಾಕತ್ತಾರ.”

ಗಾಜಿನ ಬಾಗಿಲಿನ ಆ ಹೊಸ ಪೈಪಿನಂಗಡಿ ಎರಡು ವರ್ಷದಿಂದ ಇವನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುತ್ತಿತ್ತು. ಏಜನ್ಸಿ ಕೈ ತಪ್ಪಿದರೆ ಅಜ್ಜನ ಅಂಗಡಿಗೆ ಅರವತ್ತೊಂದು ತುಂಬುವುದು ಅನುಮಾನ. ಸಂಗಮನಾಥ ನಳದ ಮಿಸ್ತ್ರಿ ಬಾಷುಮಿಯಾನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ರಂಗಂಪೇಟೆಗೆ ಓಡಿದ.

ನಳ ಬಿಚ್ಚಿ ತಿಕ್ಕಿಕೊಡುತ್ತೇನೆಂದಾಗ, ಹೊರಗಿನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಭೀಮಾಬಾಯಿ, “ಸ್ವಚ್ಛ ಮಾಡ್ತಿಯೇನು? ಮಾಡಪಾ. ಶಾಂತಪ್ಪನ ಮೊಮ್ಮಗ ಅದೀ, ನಿನಗ ಹಕ್ಕೈತಿ” ಎಂದಳು.

ಬಾಷುಮಿಯಾ ನಳ ಬಿಚ್ಚುವ ಪಾನಾ ಹಚ್ಚಿ ಒಂದು ಸುತ್ತು ತಿರುವಿದ್ದೇ ತಡ, ನಳ ಕೈಗೇ ಬಂತು. ಅದರ ಬಾಲಕ್ಕೆ ಒಂದು ಕಟ್ಟಿಗೆಯ ಗೂಟ. ಗೂಟದ ಹಿಂದೆ ಮಣ್ಣಿನ ಗೋಡೆ.

“ಸಾವಕಾರ್ರ, ಇದರ ಬೆನ್ನಿಗೆ ಪೈಪೇ ಇಲ್ಲಲ್ರಿ! ನೀರಾ ಬರದಿದ್ರ ಸೋರೋದ ಹೆಂಗ?”

ಸಂಗಮನಾಥ ಗೋಡೆಯ ತೂತಿಗೆ ಬೆರಳು ಹಾಕಿ ನೋಡಿದ. ಕಣ್ಣ ಮುಂದಿನ ಎತ್ತಿನ ಬಂಡಿ ಖಾಲಿಯಾಗಿ ಕಂಡಿತು.

“ಏನಾತೋ?” ಹೊರಗಿನಿಂದ ಭೀಮಾಬಾಯಿ.

“ಏನಿಲ್ಲವ್ವಾ, ಹೊಳಪ ಬರಾಕತ್ತೈತಿ” ಎಂದವನೇ ಬಾಷುಮಿಯಾನ ಕಿವಿಯಲ್ಲಿ ಉಸುರಿದ, “ಮಾಳಗಿ ಮ್ಯಾಲಿನ ಟಾಕಿಯಿಂದ ಪೈಪ್ ಎಳಿ. ನಾಕರೊಳಗ ನೀರ ಬರ್ಬೇಕು.”

ಗೋಡೆ ಕೊರೆಯುವಾಗ ಪಕ್ಕದ ಮನೆಯ ವೈರು ತುಂಡಾಯಿತು. ಆ ಮನೆಯ ಕಸ್ತೂರಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. “ಯಾರ್ರೀ ನನ್ನ ಕರೆಂಟ್ ಕಡದಾವ್ರು?” ಸಂಗಮನಾಥ ತಾನೇ ವೈರು ಕೂಡಿಸಿಕೊಟ್ಟ. ಆದರೆ ಗಡಿಬಿಡಿಯಲ್ಲಿ ಅವಳ ಮನೆಯಲ್ಲಿ ದೀಪದ ಗುಂಡಿ ಒತ್ತಿದರೆ ಫ್ಯಾನು ತಿರುಗತೊಡಗಿತು. ಅವಳ ಬಾಯಿ ಮುಚ್ಚಿಸಲು, ಕಂಪನಿಯವರು ಬಂದು ನಳದ ಫೋಟೊ ತೆಗೆಯುತ್ತಾರೆಂದು ಹೇಳಿದ. ಕಸ್ತೂರಿಗೆ ಹೇಳುವುದೂ ಓಣಿಗೆ ಡಂಗುರ ಸಾರುವುದೂ ಒಂದೇ. ಮೂರೂವರೆಗೆ ಬಾಷುಮಿಯಾ ಗೋಡೆಯ ಹಿಂದಿನಿಂದ ಪೈಪು ಕೂಡಿಸಿ ಮುಗಿಸುವಷ್ಟರಲ್ಲಿ ಅಂಗಳ ತುಂಬ ಜನ, ಕುರ್ಚಿ, ಚಹಾ. ಯಾರೋ ನಳಕ್ಕೆ ಚೆಂಡುಹೂವಿನ ಹಾರವನ್ನೂ ಹಾಕಿದ್ದರು.

ನಾಲ್ಕಕ್ಕೆ ಸರಿಯಾಗಿ ಶರಣಕುಮಾರ ಬಂದು ನಳ ತಿರುವಿದ. ನಳ ಒಮ್ಮೆ ಕೆಮ್ಮಿತು. ಕೆಂಪು ನೀರು ಬಂತು, ಆಮೇಲೆ ತಿಳಿನೀರು. ಜನ ಚಪ್ಪಾಳೆ ತಟ್ಟಿದರು. ಇಳಿಬಿಸಿಲಿನಲ್ಲಿ ಆ ನೀರು ಬಂಗಾರದ ಎಳೆಯಂತೆ ಇಳಿಯುವುದನ್ನು ನೋಡುತ್ತ ಸಂಗಮನಾಥನಿಗೆ ಅಜ್ಜ ಪಕ್ಕದಲ್ಲೇ ನಿಂತಂತಾಗಿ ಕಣ್ಣು ತುಂಬಿದವು.

ಸಾಹೇಬ ನಳ ಬಂದ್ ಮಾಡಿದ. ನೀರು ಬಂದ್ ಆಗಲಿಲ್ಲ. ಬಾಯಿಂದ, ಕುತ್ತಿಗೆಯಿಂದ, ಗೋಡೆಯ ಸಂದಿನಿಂದ ಚಿಮ್ಮಿ ಸಾಹೇಬನ ಅಂಗಿ ತೊಯ್ದು ತೊಪ್ಪೆಯಾಯಿತು.

“ಒಂದ್ ಹನೀನೂ ಸೋರಿಲ್ಲ ಅಂತ ಬರಸೀರಲ್ರಿ?”

“ಖರೇನ ಐತೆಪಾ” ಎಂದಳು ಭೀಮಾಬಾಯಿ. “ನಿನ್ನಿ ತನಕಾ ಒಂದ್ ಹನಿ ಸೋರಿದ್ದಿಲ್ಲ. ಇವತ್ತ ಇಂವ ಬಿಚ್ಚಿ ಕೂಡಿಸಿದ ಮ್ಯಾಲ ಸೋರಾಕತ್ತೈತಿ.”

ಎಲ್ಲರೂ ಸಂಗಮನಾಥನತ್ತ ತಿರುಗಿದರು. ಬಾಷುಮಿಯಾ ಬಾಯಿ ತೆರೆದ; ಸಂಗಮನಾಥ ಅವನ ಕಾಲು ತುಳಿದ. ನಿಜ ಹೇಳಿದರೆ ತನ್ನ ಕೈಗೆ ಬಂದ ಕೆಟ್ಟ ಹೆಸರು ಹೋಗುತ್ತದೆ, ಅಜ್ಜನ ಹೆಸರು ಗೂಟದ ಜೊತೆ ಹೊರಗೆ ಬರುತ್ತದೆ.

“ಹೌದ್ರಿ. ನನ್ನ ಕೈಗುಣ” ಎಂದ.

ಸಾಹೇಬ ನಳವನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. “ಎಂಥಾ ಕೆಲಸಗಾರ್ರೀ ನಿಮ್ಮಜ್ಜ! ಅವ್ರ ಇದ್ದಿದ್ರ ಕಣ್ಣು ಮುಚ್ಚಿ ಏಜನ್ಸಿ ಕೊಡ್ತಿದ್ದೆ” ಎಂದು ಜೀಪು ಹತ್ತಿದ. ಜೀಪು ಬಸ್ ಸ್ಟ್ಯಾಂಡಿನ ಕಡೆ ಹೊರಳಿತು.

ಜನ ಕರಗಿದರು. ಟಾಕಿ ಬರಿದಾಗುತ್ತ ಬಂದು ನಳ ಈಗ ತೊಟ್ಟಿಕ್ಕುತ್ತಿತ್ತು. ಭೀಮಾಬಾಯಿ ಬೊಗಸೆಯೊಡ್ಡಿ, ತುಂಬುವ ತನಕ ಕಾದು, ಕುಡಿದಳು.

“ನಿಮ್ಮಜ್ಜ ನಳಾ ಕೂಡಿಸಿ, ಪೈಪ್ ಇನ್ನಾ ಯಾದಗಿರಿಗೆ ಬಂದಿಲ್ಲವ್ವಾ, ಮುಂದಿನ ವಾರ ತರ್ತೀನಿ ಅಂದು ಹೋದಾಂವ. ನಿಮ್ಮಪ್ಪನ್ನ ಕೇಳ್ದೆ, ಅಂವನೂ ಮುಂದಿನ ವಾರ ಅಂದ. ಕಡೀಕ ಪೈಪ್ ನೀನಾ ತಂದಿ ನೋಡು.”

“ನಿನಗ ಎಲ್ಲಾ ಗೊತ್ತಿತ್ತಾ ಅವ್ವಾ?”

“ಗೊತ್ತಿರ್ದ ಏನ? ನಳದ ಮನಿ ಸೊಸಿ ಅಂತ ಊರಾಗ ಹೆಸರಿತ್ತು. ಬಾಯಿ ಬಿಟ್ಟು ಯಾಕ ಕಳಕೋಬೇಕು?” ನಕ್ಕಳು. “ಈಗ ಈ ಸೋರೋದೊಂದು ನಿಂದ್ರಸು.”

ಸಂಗಮನಾಥ ಬಾಷುಮಿಯಾನ ಚೀಲವನ್ನೆಲ್ಲ ತಡಕಾಡಿದ. ಅಷ್ಟು ಹಳೆಯ ನಳದ ವಾಷರು ಚೀಲದಲ್ಲಿರಲಿಲ್ಲ, ಅಂಗಡಿಯಲ್ಲೂ ಇರಲಿಲ್ಲ. ಚಪ್ಪಲಿ ಮೆಟ್ಟಿ, ಅವಳ ಮುಖ ನೋಡಲಾರದೆ ಗೋಡೆಗೆ ಹೇಳಿದ.

“ಯಾದಗಿರಿಂದ ತರಸ್ಬೇಕವ್ವಾ. ಮುಂದಿನ ವಾರ ಬರ್ತೀನಿ.”

ಭೀಮಾಬಾಯಿ ಒಳಗೆ ಹೋಗಿ ದೊಡ್ಡದೊಂದು ಕೊಡ ತಂದು ನಳದ ಕೆಳಗಿಟ್ಟಳು.