ಷಡ್ಡಕನ ಕಾರಿಗಿ ನನ್ನ ಸ್ಪ್ರಿಂಗು

ಹೊಟ್ಟಿಕಿಚ್ಚು ಪಡಬಾರದು ಅಂತ ನಾ ದಿನಾ ಮುಂಜಾನಿ ಗ್ಯಾರೇಜಿನ ಶಟರ್ ಎತ್ತುವಾಗ ಅನ್ಕೋತೀನಿ. ಶಟರ್ ಪೂರಾ ಮ್ಯಾಲ ಹೋಗೋದ್ರಾಗ ನನ್ನ ಷಡ್ಡಕ ಏನರ ಒಂದು ಮಾಡಿರ್ತಾನ. ಷಡ್ಡಕ ಅಂದ್ರ ನನ್ನ ಹೆಂಡ್ತಿ ತಂಗಿ ಗಂಡ. ನಂದು ಚಿತ್ತಾಪುರದಾಗ ಗ್ಯಾರೇಜು, ಅವಂದು ಸೇಡಂದಾಗ ಸರಕಾರಿ ನೌಕರಿ. ಇಬ್ಬರಿಗೂ ಸೇರಿ ಸುಲೇಪೇಟದಾಗ ಒಬ್ಬರೇ ಅತ್ತಿ. ಕಾರು ರಿಪೇರಿ ಮಾಡಿ ಹೊಟ್ಟಿ ಹೊರಿಯಾಂವ ನಾನು, ಮನ್ಯಾಗ ಕುಂತು ಕಾರು ಮಾಡಾಂವ ಅವ! ಇಂಥಾದು ಯಾರ ಮನ್ಯಾಗರ ನಡೀತದೇನ್ರಿ? ನಮ್ಮ ಮನ್ಯಾಗ ನಡೀತದ, ಅದೂ ಒಂದಾದ ಮ್ಯಾಲ ಒಂದು.

೧. ಕಬ್ಬಿಣ ತರೂಕಿಂತ ಮೊದಲ

ಸುದ್ದಿ ಗೊತ್ತಾಗಿದ್ದು ಅತ್ತಿ ಮನ್ಯಾಗ ಊಟಕ್ಕ ಕುಂತಾಗ. "ಅಣ್ಣಾ, ನಾ ಒಂದು ಸ್ಪೋರ್ಟ್ಸ್ ಕಾರು ಮಾಡ್ಲಿಕತ್ತೀನಿ. ಎರಡೇ ಸೀಟು, ಮ್ಯಾಲ ಛತ್ತಿಲ್ಲ, ಭಾಳ ಹಗುರ" ಅಂದ ಷಡ್ಡಕ. ನಾ ಜೋರಾಗಿ ನಕ್ಕೆ. ನಕ್ಕಿದ್ದು ನಾನೊಬ್ಬನೇ. ಅತ್ತಿ "ಶಾಬಾಸ್!" ಅಂದು ಅವನ ತಾಟಿನಾಗ ಇನ್ನೊಂದು ಹೋಳಿಗಿ ಹಾಕಿದ್ರು.

ನಾ ಆ ಮನ್ಯಾಗ ಪಂಪ್‌ಸೆಟ್ ರಿಪೇರಿ ಮಾಡೀನಿ, ಮಿಕ್ಸರ್ ಮಾಡೀನಿ, ಹೊಲಿಗಿ ಮಷೀನ್ ಸುದ್ದಾ ಮಾಡೀನಿ. ಎಲ್ಲಾ ಮುಗದ ಮ್ಯಾಲ ಅತ್ತಿ ಅನ್ನೋ ಮಾತು ಒಂದೇ: "ಆ ಎಣ್ಣಿ ಕೈ ಟಾವೆಲ್ಲಿಗಿ ಒರಸಬ್ಯಾಡ್ರಿ." ಇವ ಇನ್ನೂ ಕಬ್ಬಿಣ ಸುದ್ದಾ ತಂದಿಲ್ಲ, ಶಾಬಾಸ್ ಹೊಡಕೊಂಡ! ಆವತ್ತೇ ನಾ ಮನಸಿನಾಗ ಗಟ್ಟಿ ಮಾಡ್ದೆ. ಆ ಬಾಯಿಂದ ನನಗೂ ಒಂದು ಶಾಬಾಸ್ ಬರಬೇಕು. ಜೀವನದಾಗ ಇನ್ನೇನೂ ಬ್ಯಾಡ. ಅವನ ಕಾರು ಒಂದು ಮಾರೂ ಮುಂದ ಹೋಗಬಾರದು, ಅದೊಂದು ಬಿಟ್ರ.

೨. ಗಟ್ಟಿ ನಿಂಬಿಹಣ್ಣು

ನೋಡ್‌ನೋಡೂದ್ರಾಗ ಅವ ಪೈಪ್ ತಂದು ವೆಲ್ಡಿಂಗ್ ಮಾಡಿ ಚೌಕಟ್ಟು ನಿಲ್ಲಿಸಿಬಿಟ್ಟ. ಅಪಘಾತ ಆದ ಸಣ್ಣ ಕಾರಿನ ಇಂಜಿನ್ ತಂದು ಸೀಟಿನ ಹಿಂದ ಕೂಡಿಸ್ದ. ಆಮ್ಯಾಲ ಸ್ಪ್ರಿಂಗ್ ಯಾವ್ದು ಹಾಕಬೇಕು ಅಂತ, ನನ್ನೊಬ್ಬನ್ನ ಬಿಟ್ಟು ಜಿಲ್ಲಾದ ಮಂದಿಗೆಲ್ಲಾ ಕೇಳ್ದ.

ಶಹಾಬಾದಿನ ಫರ್ಸಿ ಕಲ್ಲಿನ ಲಾರಿಯಾಂವ, "ಕಮಾನ್ ಪಟ್ಟಿ ಹಾಕ್ರಿ ಸಾಹೇಬ್ರ, ಮ್ಯಾಲ ಗುಡ್ಡ ಇಟ್ರೂ ಅಳ್ಳಾಡಂಗಿಲ್ಲ" ಅಂದ. ವಾಡಿ ಸ್ಟೇಷನ್ ಮುಂದಿನ ಆಟೋದಾಂವ ಆಟೋ ಸ್ಪ್ರಿಂಗೇ ಛಲೋ ಅಂದ. ಚಿಂಚೋಳಿ ಕಡಿ ತೊಗರಿ ಚೀಲ ಹೊರೋ ಪಿಕಪ್ಪಿನಾಂವ ಪಿಕಪ್ಪಿಂದು ಹಾಕಂದ. ಇವ ಪಿಕಪ್ಪಿಂದೇ ಹಾಕ್ದ.

ಹೆಂಡ್ತಿ ಇದನ್ನ ಹೇಳಿದಾಗ ನನಗ ತಲಿ ಕೆಟ್ಟು ಹೋಯ್ತು. "ಯಾಕ, ನಾ ಸತ್ತೀನೇನು? ನನಗ ಕೇಳಲಿಕ್ಕ ಏನಾಗಿತ್ತು ಅವನಿಗಿ?"

"ಕೇಳಿದ್ರ ಹೇಳ್ತಿದ್ರೇನು?"

"ಹೇಳ್ತಿರಲಿಲ್ಲ. ಆದ್ರ ಕೇಳಬೇಕಿತ್ತಲ್ಲ!"

ಕಾರಿನ ಪೂಜಿಗಿ ಅವನ ಮನಿ ಶೆಡ್ಡಿಗಿ ಕರದ್ರು, ಹೋದೆ. ಕಾಯಿ ಒಡದು ನಾಕೂ ಚಕ್ರದ ಮುಂದ ನಿಂಬಿಹಣ್ಣು ಇಟ್ಟು ಕಾರು ದಬ್ಬಿದ್ರು. ಮೂರು ಹಣ್ಣು ಪಚಕ್ ಅಂದ್ವು. ನಾಕನೇದು ಹಂಗೇ ಕುಂತಿತ್ತು, ಗಾಲಿ ಅದರ ಮ್ಯಾಲಿಂದ ಗಾಳ್ಯಾಗ ದಾಟಿ ಹೋಗಿತ್ತು. ಶೆಡ್ಡಿನ ನೆಲದ ಫರ್ಸಿ ಒಂದು ಕಡಿ ಕುಸದಿತ್ತು. ಚೀಲ ಹೊರೋ ಸ್ಪ್ರಿಂಗು ಇಷ್ಟು ಹಗುರ ಗಾಡಿಗಿ ಬಗ್ಗೋದೇ ಇಲ್ಲ, ಹಂಗಾಗಿ ಆ ಗಾಲಿ ನೆಲಕ್ಕ ಹತ್ತಿರಲಿಲ್ಲ.

ನಾದಿನಿ ಮಾರಿ ಸಣ್ಣದಾಯ್ತು. "ಭಾವಾರ, ಇದು ಅಪಶಕುನ ಅಲ್ಲೇನ್ರಿ?" ಅಂದ್ಲು. "ಛೇ ಛೇ, ಹಂಗೇನಿಲ್ಲವ್ವಾ" ಅಂತ ಸಮಾಧಾನ ಹೇಳಿ, ಯಾರೂ ನೋಡದಾಂಗ ಆ ಹಣ್ಣು ಕಿಸೆದಾಗ ಇಟ್ಕೊಂಡು ಬಂದು ನನ್ನ ಗ್ಯಾರೇಜಿನ ಬಾಗಿಲಿಗಿ ಕಟ್ಟಿದೆ. ಷಡ್ಡಕನ ಕಾರು ತಡದ ನಿಂಬಿಹಣ್ಣು, ಅಂಥಾ ಶಕ್ತಿ ಇರೋದು ಬಾಜಾರದಾಗ ಎಲ್ಲಿ ಸಿಗ್ತದ?

೩. ಸಂಸ್ಕಾರದ ಗಾಡಿ

ಮರುದಿನ ಷಡ್ಡಕ ಫೋನ್ ಮಾಡ್ದ. "ಅಣ್ಣಾ, ಎಲ್ಲಿ ತಪ್ಪಿದೆ?" ಕಡೀಗರ ಕೇಳಿದ್ನಲ್ಲ ಅಂತ ನನಗ ಒಳಗ ಖುಷಿ. "ಸ್ಪ್ರಿಂಗ್ ಭಾಳ ಬಿರುಸಾತು, ಮೆತ್ತಗಿಂದು ಹಾಕು. ಇನ್ನ ಶಾಕಬ್ಸರ್ ವಿಷಯ ಅಂದ್ರ..." ಅನ್ನೋದ್ರಾಗ, "ತಿಳೀತಣ್ಣಾ!" ಅಂತ ಇಟ್ಟೇಬಿಟ್ಟ. ಮೆತ್ತಗಿನ ಸ್ಪ್ರಿಂಗ್ ತಂದ, ಸಂಗಾಟ ಗುಜರಿಯಿಂದ ಎಣ್ಣಿ ಸೋರಿ ಖಾಲಿಯಾದ ಶಾಕಬ್ಸರ್ರೂ ತಂದ. ಸ್ಪ್ರಿಂಗ್ ಕುಣೀತದ, ಕುಣಿತ ನಿಲ್ಲಸೋದು ಶಾಕಬ್ಸರ್ ಕೆಲಸ. ಅದರಾಗ ಎಣ್ಣಿ ಇಲ್ಲಂದ್ರ ನಿಲ್ಲಸೋರು ಯಾರು?

ಸೇಡಂ ಹೊರಗ ಹೊಸಾ ಲೇಔಟ್ ಆಗ್ಯಾದ. ಮನಿ ಒಂದೂ ಇಲ್ಲ, ರೋಡಿಗಿ ಹಂಪ್ ಮಾತ್ರ ಹಾಕ್ಯಾರ. ಅಲ್ಲಿ ನನ್ನ ಬಾಜೂಕ ಕೂಡಿಸ್ಕೊಂಡು ಗಾಡಿ ಹೊಡದ. ಹಂಪ್ ದಾಟಿ ನಿಲ್ಲಿಸಿದ ಮ್ಯಾಲೂ ಕಾರಿನ ಮೂತಿ ಕೆಳಗ, ಮ್ಯಾಲ, ಕೆಳಗ, ಮ್ಯಾಲ ಆಗ್ಲಿಕತ್ತಿತ್ತು. ಗಿಡದ ಬುಡಕ ಕುಂತ ಮುದುಕಪ್ಪ ಒಬ್ಬರು ಎದ್ದು ನಿಂತು ಎರಡೂ ಕೈ ಮುಗದು, "ಶರಣ್ರೀ ಶರಣು! ಗಾಡಿಗಿ ಸುದ್ದಾ ಎಂಥಾ ಸಂಸ್ಕಾರ ಕಲಿಸೀರಪ್ಪಾ!" ಅಂದ್ರು. ಷಡ್ಡಕ ಹಿಗ್ಗಿ ಹೀರಿಕಾಯಿ ಆದ.

ಮುದುಕಪ್ಪ ನನ್ನ ಕಡಿ ತಿರುಗಿದ್ರು. "ಗಾಡಿ ಬಗ್ಗಿ ನಮಸ್ಕಾರ ಮಾಡ್ಲಿಕತ್ತದ, ಒಳಗ ಕುಂತ ನಿನಗೇನು ಧಾಡಿ ಆಗ್ಯಾದೋ?"

೪. ಕಾಟಾದ ಮ್ಯಾಲ

ಈಗ ಮಾತ್ರ ನಾ ತಡೀಲಿಲ್ಲ. ಇವನ ಕಾರು ಓಡಬಾರದು ಖರೇ. ಆದ್ರ ಓಡೋದೇ ಆದ್ರ, ಬ್ಯಾರೆ ಮಿಸ್ತ್ರಿ ಕೈಯಿಂದ ಓಡಿದ್ರ ನಾ ಊರಾಗ ಹೆಂಗ ತಿರುಗಾಡ್ಲಿ? "ಸರಿ ಈ ಕಡಿ, ಸ್ಪ್ರಿಂಗ್ ನಾ ಆರಸ್ತೀನಿ" ಅಂದೆ.

ಸ್ಪ್ರಿಂಗ್ ಆರಸಬೇಕಂದ್ರ ಮೊದಲ ಒಂದೊಂದು ಗಾಲಿ ಮ್ಯಾಲ ಎಷ್ಟು ಭಾರ ಬೀಳ್ತದ ತಿಳೀಬೇಕು. ಸೇಡಂ ಬಾಜಾರದ ಅಡತಿ ಅಂಗಡಿಯಾಗ ತೊಗರಿ ತೂಗೋ ಕಾಟಾ ಕೇಳಿ ತಂದು, ನಾಕು ಗಾಲಿ ಕೆಳಗ ನಾಕು ಇಟ್ವಿ. ಕಾಟಾದ ಸಂಗಾಟ ಬಂದ ಹಮಾಲನೇ ತೂಕ ನೋಡಿ ಹೇಳ್ದ. ಎಷ್ಟು ಲೆಕ್ಕ ಹಾಕಿದ್ರೂ ನನಗ ಕಡಿಮಿ ಬರ್ಲಿಕತ್ತಿತ್ತು. ಕಡೀಗಿ ಕೇಳಿದ್ರ, "ಚೀಲದ ತೂಕ ಮುರಕೊಂಡೀನ್ರಿ" ಅಂದ. ರೂಢಿ ನೋಡ್ರಿ! ಮತ್ತ ಸೀಟಿಗಿ ಬಟ್ಟು ಒತ್ತಿ, "ಮಾಲು ಹಸಿ ಅದರಿ, ಇನ್ನಷ್ಟು ಮುರೀಬೇಕಾಗ್ತದ" ಅಂದ. ಹಿಂದಿನ ದಿನ ಮಳಿಗಿ ಸೀಟು ತೊಯ್ದಿತ್ತು.

ಮೊದಲ ಸವಾರಿ ಅತ್ತೀದು ಅಂತ ಷಡ್ಡಕ ಮಾತು ಕೊಟ್ಟಿದ್ದ. ಹಂಗಾಗಿ ಅವರ ತೂಕದಷ್ಟು ಫರ್ಸಿ ಕಲ್ಲು ಬಾಜೂಕಿನ ಸೀಟಿನಾಗ ಇಟ್ವಿ. ಹಮಾಲ "ಈ ಕಲ್ಲು ಯಾಕ್ರಿ?" ಅಂತ ಕೇಳ್ದ. ಷಡ್ಡಕ ಲೆಕ್ಕದಾಗ ಮುಳುಗಿದ್ದ, ತಲಿ ಎತ್ತಲಾರದೇ, "ಅವರು ನಮ್ಮ ಅತ್ತಿ" ಅಂದ. ಹಮಾಲ ಒಂದು ಗಳಿಗಿ ಕಲ್ಲು ನೋಡ್ದ, ಒಂದು ಗಳಿಗಿ ನಮ್ಮನ್ನ ನೋಡ್ದ. ಆಮ್ಯಾಲ ಹೆಗಲ ಮ್ಯಾಲಿನ ಟಾವೆಲ್ ತಗದು ಕಲ್ಲಿಗಿ ಹೊಚ್ಚಿದ. "ವಯಸ್ಸಾದವ್ರು, ಬಿಸಲಾಗ ಹಿಂಗ ಕೂಡಸಬಾರದ್ರಿ."

೫. ಅತ್ತಿ ಸವಾರಿ

ಲೆಕ್ಕಕ್ಕ ಕೂಡೋ ಅಂಥಾ ಸಣ್ಣ ಕಾರಿನ ಸ್ಪ್ರಿಂಗ್ ಆರಿಸಿದೆ. ಅದರ ಕುಣಿತ ಹಿಡಿಯೋ ಹೊಸಾ ಶಾಕಬ್ಸರ್ ತರಿಸಿದೆ. ನಾನೇ ಅಂಗಾತ ಮಲಗಿ ಕೂಡಿಸಿದೆ. ಕಾರಿನ ಒಂದು ಮೂಲಿ ಒತ್ತಿ ಬಿಟ್ರ ಗಾಡಿ ಕೆಳಗ ಹೋಗಿ, ಮ್ಯಾಲ ಬಂದು, ಸುಮ್ಮ ನಿಂತಿತು. ಕಣ್ಣಾಗ ನೀರು ಬಂತು. ಇಷ್ಟು ಛಲೋ ಕೆಲಸ ನಾ ನನ್ನ ಗಿರಾಕಿಗೂ ಮಾಡಿಲ್ಲ, ಇವನ ಗಾಡಿಗಿ ಮಾಡಿದ್ನಲ್ಲ ಅಂತ.

ಮನ್ಯಾಗ ಮಾಡಿದ ಗಾಡಿ ಮಂದಿ ಓಡಾಡೋ ಡಾಂಬರ್ ರೋಡಿಗಿ ಇಳಿಸಲಿಕ್ಕ ಕಾಯದೆ ಬಿಡಂಗಿಲ್ಲ. ಪಿಕಪ್ಪಿನಾಗ ಹೇರ್ಕೊಂಡು ಸುಲೇಪೇಟಕ್ಕ ಒಯ್ದು ಅತ್ತಿ ಹೊಲದ ದಾರಿಗಿ ಇಳಿಸಿದ್ವಿ. ಎರಿ ಮಣ್ಣಿನ ದಾರಿ, ಬಂಡಿ ಜಾಡು ಒಣಗಿ ಕಲ್ಲಾಗಿತ್ತು. ಅತ್ತಿ ಸೆರಗು ಸೊಂಟಕ್ಕ ಸಿಗಸ್ಕೊಂಡು ಕುಂತ್ರು, ಷಡ್ಡಕ ಹೊಡದ. ನಾನು, ಹೆಂಡ್ತಿ, ನಾದಿನಿ ಹಿಂದ ನನ್ನ ಜೀಪಿನಾಗ. ನಾವು ಮೂರೂ ಮಂದಿ ಜಿಗದು ಜಿಗದು ಬೀಳ್ಲಿಕತ್ತಿದ್ವಿ, ಮುಂದ ಅತ್ತಿ ತಲಿ ಸುದ್ದಾ ಅಳ್ಳಾಡ್ಲಿಲ್ಲ. ಇವತ್ತು ಶಾಬಾಸ್ ನಂದೇ ಅಂತ ನಾ ಸ್ಟೇರಿಂಗ್ ಗಟ್ಟಿ ಹಿಡದೆ.

ಬಾವಿ ಹತ್ರ ಕಾರು ನಿಂತಿತು. ಅತ್ತಿ ಇಳೀಲಿಲ್ಲ. ಕುತ್ತಿಗಿ ವಾಲಿತ್ತು. ನಾದಿನಿ "ಯವ್ವಾ!" ಅಂತ ಚೀರಿ ಓಡಿದ್ಲು. ನಾನೂ ಜೀಪಿನಿಂದ ಜಿಗದು ಓಡಿದೆ. ಹತ್ರ ಹೋಗಿ ಕೇಳಿದ್ರ ಗೊರಕಿ! ಆ ಬಂಡಿ ಜಾಡಿನಾಗ ಅತ್ತಿ ಆರಾಮ ಮಲಗಿಬಿಟ್ಟಿದ್ರು. ಹೆಗಲು ಹಿಡದು ಎಬ್ಬಿಸಿದ್ರ, ಕಣ್ಣು ಬಿಟ್ಟು, "ಯಾಕ ಎಲ್ಲಾರೂ ನಿಂತೀರಿ? ಇನ್ನೂ ಹೊಂಟಿಲ್ಲೇನು?" ಅಂದ್ರು.

ಬಾವಿ ನೋಡಿ ತಿಳೀತು. "ಬಂದೇಬಿಟ್ವಾ? ಶಾಬಾಸ್!" ಅಂದ್ರು. ನಾ ಎದಿ ಉಬ್ಬಿಸಿ ಒಂದ ಹೆಜ್ಜಿ ಮುಂದ ಇಟ್ಟೆ. ಅವರ ಕೈ ಷಡ್ಡಕನ ಬೆನ್ನ ಮ್ಯಾಲ ಬಿತ್ತು.

ಅವ ಪಾಪ, ಖರೇ ಹೇಳ್ದ. "ಅತ್ತಿ, ಸ್ಪ್ರಿಂಗು, ಶಾಕಬ್ಸರ್ರು ಎಲ್ಲಾ ಅಣ್ಣಾರು ಆರಿಸಿದ್ದು. ಅವರೇ ಕೂಡಿಸ್ಯಾರ."

ಅತ್ತಿ ನನ್ನ ಕಡಿ ತಿರುಗಿದ್ರು. "ನೋಡ್ರಿ ಎಂಥಾ ದೊಡ್ಡ ಮನಸು! ತಾ ಮಾಡಿದ್ದು ಸುದ್ದಾ ಅಣ್ಣನ ಹೆಸರಿಗಿ ಹಚ್ತಾನ. ಶಾಬಾಸ್!" ಅದೂ ಅವನಿಗೇ ಹೋಯ್ತು.

ಹೊಳ್ಳಿ ಬರುವಾಗ, ಕಿವಿಗಿ ಗಾಳಿ ಹೊಡೀತದ ಅಂತ ಅತ್ತಿ ನನ್ನ ಜೀಪು ಹತ್ತಿದ್ರು. ಮೊದಲನೇ ಜಾಡಿಗೇ ಅವರ ತಲಿ ಜೀಪಿನ ಛತ್ತಿನ ಕಬ್ಬಿಣಕ್ಕ ಬಡದು ಠಣ್ ಅಂತು. "ನಿಲ್ಸ್ರಿ! ಇಳೀರಿ ಮೊದಲ! ಈ ಜೀಪು ಸಣ್ಣ ಅಳಿಯಗ ಕೊಡ್ರಿ, ಅವ ಸ್ಪ್ರಿಂಗ್ ಹಾಕಿ ಕೊಡ್ತಾನ. ಬಾಜೂಕ ನಿಂತು ನೋಡಿ ಕಲ್ಕೋರಿ." ಹೆಂಡ್ತಿ ತಾನೇ ಜೀಪಿನ ಚಾವಿ ತಿರುವಿ ತಗದು ಅತ್ತಿ ಕೈಯಾಗ ಕೊಟ್ಲು.

ಮರುದಿನ ಗ್ಯಾರೇಜಿನಾಗ ಫೋನ್ ಬಂತು. ಷಡ್ಡಕ ಬಾಯಿಗಿ ಕೈ ಅಡ್ಡ ಹಿಡದಾಂಗ ಪಿಸುಗುಟ್ಲಿಕತ್ತಿದ್ದ. "ಅಣ್ಣಾ, ಜೀಪಿಗಿ ಯಾವ ಸ್ಪ್ರಿಂಗ್ ಹಾಕಬೇಕು? ಜಲ್ದಿ ಹೇಳ್ರಿ, ಅತ್ತಿ ಬಾಜೂಕೇ ಕುರ್ಚಿ ಹಾಕ್ಕೊಂಡು ಶಾಬಾಸ್ ಅನ್ಲಿಕ್ಕ ಕುಂತಾರ."