ನೀರು ಬಂತೆಂದು ಎದ್ದುಹೋದವಳಿಂದ ಜಲ ಫೆಲೋಶಿಪ್ ಸಮಿತಿಗೆ

ಮಾನ್ಯ ಅಧ್ಯಕ್ಷರೇ, ಮತ್ತು ಕಂಪ್ಯೂಟರ್ ಪರದೆಯ ಚೌಕಗಳಲ್ಲಿ ತಮ್ಮ ಎಡಬಲಕ್ಕೆ ಕಾಣಿಸಿಕೊಂಡ ಮಾನ್ಯ ಸದಸ್ಯರೇ,

ಮೈಸೂರಿನ ಕೃಷ್ಣಮೂರ್ತಿಪುರಂನ ನಮ್ಮ ವಠಾರದ ಎಲ್ಲ ಮನೆಗಳ ಪರವಾಗಿ ತಮಗೆ ನಮಸ್ಕಾರಗಳು. ಅಭಿವೃದ್ಧಿಶೀಲ ದೇಶಗಳ ವಿದ್ಯಾರ್ಥಿಗಳು ನೀರಿನ ನಿರ್ವಹಣೆಯಲ್ಲಿ ಡಾಕ್ಟರೇಟ್ ಮಾಡಲೆಂದು ತಾವು ಕೊಡುವ ಫೆಲೋಶಿಪ್‌ಗೆ ಅರ್ಜಿ ಹಾಕಿ, ಸಂದರ್ಶನದವರೆಗೆ ಬಂದು, ಅದರ ನಡುವೆಯೇ ಎದ್ದುಹೋದ ಸುಚಿತ್ರಾ ನಾನೇ. ತಮಗೆ ಕನ್ನಡ ಬಾರದೆಂಬುದು ನನಗೆ ಗೊತ್ತಿದೆ. ಆದರೆ ಇಂಗ್ಲಿಷಿನಲ್ಲಿ ಕಳಿಸಿದ ನನ್ನ ಮೇಲ್ಮನವಿಗೆ ತಮ್ಮ ಕಚೇರಿಯ ಕಂಪ್ಯೂಟರು, ಈ ವಿಳಾಸಕ್ಕೆ ಬಂದ ಪತ್ರಗಳನ್ನು ಯಾರೂ ಓದುವುದಿಲ್ಲವೆಂದು ಬಹಳ ವಿನಯದಿಂದ ತಕ್ಷಣವೇ ಉತ್ತರಿಸಿತು. ಹೇಗೂ ಓದುವವರಿಲ್ಲವೆಂದ ಮೇಲೆ ಬರೆಯುವವಳಿಗಾದರೂ ಹಿತವಾಗಿರಲಿ ಎಂದು ಈ ಪತ್ರವನ್ನು ಕನ್ನಡದಲ್ಲಿ ಬರೆದು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲಿಗೆ ತಮ್ಮ ಪ್ರಕಟಣೆಯನ್ನು ಹೊಗಳಬೇಕು. ನೀರಿನ ಅಭಾವವನ್ನು ಸ್ವತಃ ಅನುಭವಿಸಿದವರಿಗೆ ಆದ್ಯತೆ ಎಂದು ಅದರಲ್ಲಿತ್ತು. ನಮ್ಮ ಮನೆಗೆ ಇದುವರೆಗೆ ಯಾವ ವಿಷಯದಲ್ಲೂ ಆದ್ಯತೆ ಸಿಕ್ಕಿದ್ದಿಲ್ಲ. ನಮ್ಮ ತಾಯಿ ಭಾಗ್ಯಮ್ಮನವರಿಗೆ ಅದರ ಅರ್ಥ ಹೇಳಿದಾಗ ಅವರು, "ಹಂಗಾದ್ರೆ ವಠಾರದೋರಿಗೆಲ್ಲ ಕೊಡಬೇಕಲ್ಲ ಕಣೇ, ನಿನಗೊಬ್ಬಳಿಗೆ ಯಾಕೆ?" ಎಂದು ಕೇಳಿದರು.

ನಮ್ಮ ವಠಾರಕ್ಕೆ ಇರುವುದು ಅಂಗಳದ ಒಂದೇ ನಲ್ಲಿ. ಸಂಪು ಇಲ್ಲ, ನೀರು ದಿನ ಬಿಟ್ಟು ದಿನ ಬರುತ್ತದೆ. ಸಾಲಿನಲ್ಲಿ ಬಿಂದಿಗೆ ಇಟ್ಟ ಮಾತ್ರಕ್ಕೆ ಇಲ್ಲಿ ಸರದಿ ಸಿಕ್ಕಂತಲ್ಲ. ತನ್ನ ಪಾಳಿ ಬಂದಾಗ ಆ ಮನೆಯವರೇ ಬಂದು ನೀರು ಹಿಡಿಯಬೇಕು, ಇಲ್ಲವಾದರೆ ಬಿಂದಿಗೆ ಸಾಲಿನ ಕೊನೆಗೆ ಹೋಗುತ್ತದೆ. ಹಿಂದೊಮ್ಮೆ ಯಾರೋ ಊರಿಗೆ ಹೋದ ಪಕ್ಕದ ಮನೆಯವರ ಹೆಸರಿನಲ್ಲಿ ತಮ್ಮದೇ ಹಂಡೆಗಳನ್ನು ತುಂಬಿಕೊಂಡಿದ್ದರಿಂದ ಬಂದ ಕಾನೂನು ಇದು. ಇದನ್ನು ಕಾಯುವವರು ಕೊನೆಯ ಮನೆಯ ರುದ್ರಸ್ವಾಮಿಗಳು. ಬಸ್ ಕಂಡಕ್ಟರಾಗಿ ನಿವೃತ್ತರಾದ ಅವರು, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜೊತೆ ಇಡೀ ಸೇವಾವಧಿ ಹೋರಾಡಿದವರು.

ತಮ್ಮ ಸಂದರ್ಶನ ನಡೆದದ್ದು ನಮ್ಮ ಮಧ್ಯಾಹ್ನಕ್ಕೆ. ನೀರು ಎಂದಿನಂತೆ ಬೆಳಗ್ಗೆಯೇ ಬಂದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಅಂದು ದೊಡ್ಡ ರಸ್ತೆಯಲ್ಲಿ ಪೈಪಿನ ರಿಪೇರಿ ನಡೆದಿತ್ತು. ಹಂಚಿಕೆಯ ನಿಯಮವೊಂದು ಅನ್ಯಾಯವೆನಿಸಿದಾಗ ನೀರು ಬಳಸುವ ಜನರೇ ಅದನ್ನು ಹೇಗೆ ಬದಲಿಸಿಕೊಳ್ಳುತ್ತಾರೆ, ನಿಮ್ಮ ದೇಶದ ಒಂದು ಉದಾಹರಣೆ ಕೊಡಿ ಎಂದು ಕೇಳಿ, ತಾವು ಗಾಜಿನ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿಕೊಳ್ಳುತ್ತಿದ್ದಿರಿ. ಅದೇ ಹೊತ್ತಿಗೆ ನಮ್ಮ ಅಂಗಳದಲ್ಲಿ ನಲ್ಲಿ ಬುಸ್ಸೆಂದಿತು.

ನಮ್ಮ ತಾಯಿಯವರು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಮನೆಯಲ್ಲಿ ಉಳಿದ ಕೈಗಳೆಂದರೆ ನನ್ನವೇ. ಪಕ್ಕದ ಮನೆಯ ಚಾಮುಂಡೇಶ್ವರಿ ಅಕ್ಕ, "ಅವಳ ಪಾಲಿಂದು ನಾನೇ ಹಿಡ್ಕೊಡ್ತೀನಿ ಬುಡಿ" ಎಂದರಂತೆ. ರುದ್ರಸ್ವಾಮಿಗಳು ಒಪ್ಪಲಿಲ್ಲ. "ರೂಲ್ಸು ಅಂದ್ಮೇಲೆ ರೂಲ್ಸೇ ಕಣಮ್ಮ. ಇವತ್ತು ಇವಳಿಗೆ ಬುಟ್ರೆ ನಾಳೆ ಎಲ್ಲಾರೂ ಕಂಪ್ಯೂಟ್ರು ಮುಂದೆ ಕೂತ್ಕೋತಾರೆ" ಎಂದು ಅವರು ಹೇಳಿದ್ದು ನನಗೂ ಕೇಳಿಸಿತು, ತಮಗೂ ಕೇಳಿಸಿರಬೇಕು. ಕೊನೆಗೆ ತಾಯಿಯವರು ಬಾಗಿಲಿಗೆ ಬಂದು, "ಸುಚಿ, ನಿಮ್ಮ ಸಾಹೇಬ್ರಿಗೆ ಒಂದ್ನಿಮಿಷ ಇರೋಕೆ ಹೇಳು" ಎಂದರು. ನಾನು ಹೇಳಿದೆ. ತಾವು ಇರಲಿಲ್ಲ. ಒದ್ದೆ ತೋಳಿನೊಂದಿಗೆ ಮರಳಿ ಬಂದಾಗ ಚೌಕಗಳೆಲ್ಲ ಖಾಲಿಯಾಗಿದ್ದವು.

ನೀರಿನ ವಿಷಯದಲ್ಲಿ ಅಭ್ಯರ್ಥಿಗೆ ಅಗತ್ಯವಾದ ಗಂಭೀರತೆ ಕಂಡುಬರಲಿಲ್ಲ ಎಂಬ ತಮ್ಮ ತೀರ್ಪನ್ನು ನಾನು ಗೌರವಿಸುತ್ತೇನೆ. ಗಂಭೀರತೆ ಇದ್ದವಳಾಗಿದ್ದರೆ, ನೀರು ಬಂದು ನಿಂತುಹೋಗುವವರೆಗೂ ನೀರಿನ ಕುರಿತು ಮಾತನಾಡುತ್ತಲೇ ಇರುತ್ತಿದ್ದೆ. ನೀರಿನ ಸಮಸ್ಯೆಯಿರುವ ದೇಶದವರೇ ಬೇಕು, ಆದರೆ ಆ ಸಮಸ್ಯೆ ಸಂದರ್ಶನದ ವೇಳೆಯಲ್ಲಿ ಮನೆಗೆ ಬರಕೂಡದು ಎಂಬ ತಮ್ಮ ಸೂಕ್ಷ್ಮವನ್ನು ನಾನು ಮೊದಲೇ ಗ್ರಹಿಸಬೇಕಿತ್ತು.

ಆದರೆ ತಮ್ಮ ತೀರ್ಪನ್ನು ನಾನು ಅಂಗಳದಲ್ಲಿ ಕನ್ನಡಕ್ಕೆ ತಿರುಗಿಸಿ ಓದಿದ ಮೇಲೆ ನಡೆದದ್ದನ್ನು ತಮಗೆ ತಿಳಿಸಲೇಬೇಕು. ರುದ್ರಸ್ವಾಮಿಗಳೇ ಎಲ್ಲರನ್ನೂ ನಲ್ಲಿಯ ಸುತ್ತ ಕರೆದರು. "ಬಸ್ಸಲ್ಲಿ ಬಸುರಿ ಹೆಂಗಸು ಬಂದ್ರೆ ಕೂತೋರನ್ನೂ ಎಬ್ಬಿಸಿ ಸೀಟು ಕೊಡಿಸ್ತಿದ್ದೆ ಕಣಮ್ಮ. ಇದೂ ಹಂಗೇ ಅಂತ ಅವತ್ತು ಹೊಳೀಲಿಲ್ಲ" ಎಂದು ನನ್ನ ಕಡೆ ನೋಡದೆ ಹೇಳಿದರು. ಹಳೆಯ ಹಂಡೆಯ ಪ್ರಸಂಗವನ್ನು ಒಬ್ಬರು ನೆನಪಿಸಿದರು, ಇನ್ನೊಬ್ಬರು ರೇಗಿದರು, ಚಾಮುಂಡೇಶ್ವರಿ ಅಕ್ಕ ಎಲ್ಲರಿಗೂ ಕಾಫಿ ತಂದರು. ಕಾಫಿ ಮುಗಿಯುವಷ್ಟರಲ್ಲಿ ಕಾನೂನು ಬದಲಾಗಿತ್ತು. ಕಾಯಿಲೆ, ಬಾಣಂತನ, ಸಾವು, ಪರೀಕ್ಷೆ ಮತ್ತು ಸಂದರ್ಶನದ ದಿನ ಪಕ್ಕದ ಮನೆಯವರು ನೀರು ಹಿಡಿದುಕೊಡಬಹುದು. ಆದರೆ ಎಲ್ಲರ ಕಣ್ಣೆದುರಿಗೇ ಹಿಡಿಯಬೇಕು, ಮತ್ತು ಆ ಮನೆಯದೇ ಬಿಂದಿಗೆಗೆ ಹಿಡಿಯಬೇಕು.

ಮಾನ್ಯರೇ, ತಾವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಸಂದರ್ಶನದ ದಿನ ನನ್ನಲ್ಲಿ ಈ ಉದಾಹರಣೆ ಇರಲಿಲ್ಲ. ನಾನು ಎದ್ದುಹೋಗದಿದ್ದರೆ ಮುಂದೆಯೂ ಇರುತ್ತಿರಲಿಲ್ಲ.

ಆದ್ದರಿಂದ ಈ ಉತ್ತರಕ್ಕೆ ತಡವಾಗಿಯಾದರೂ ಅಂಕ ಕೊಟ್ಟು, ಸಂದರ್ಶನವನ್ನು ನಿಂತಲ್ಲಿಂದ ಮುಂದುವರಿಸಬೇಕೆಂದು ಕೇಳಿಕೊಳ್ಳುತ್ತೇನೆ. ನನಗೆ ಈ ಸಂಶೋಧನೆ ನಿಜವಾಗಿಯೂ ಬೇಕಾಗಿದೆ. ಈ ವಾಕ್ಯದಲ್ಲಿ ತಮಾಷೆ ಇಲ್ಲ. ಎದ್ದುಹೋದವರನ್ನು ಮತ್ತೆ ಕರೆಯಲು ತಮ್ಮ ನಿಯಮದಲ್ಲಿ ಅವಕಾಶವಿಲ್ಲದಿದ್ದರೆ, ಅದನ್ನು ತಿದ್ದುವ ಸಭೆಗೆ ನಮ್ಮ ಅಂಗಳವನ್ನು ಬಿಟ್ಟುಕೊಡಲು ವಠಾರದವರು ಸಿದ್ಧರಿದ್ದಾರೆ. ಅಧ್ಯಕ್ಷತೆಗೆ ರುದ್ರಸ್ವಾಮಿಗಳಿದ್ದಾರೆ, ಕಾಫಿ ಅಕ್ಕನದು. ತಮ್ಮ ಸದಸ್ಯರಲ್ಲಿ ಯಾರಾದರೂ ಒಬ್ಬರು ಆ ಹೊತ್ತಿಗೆ ನನ್ನ ಬಿಂದಿಗೆಗೆ ನೀರು ಹಿಡಿಯುವುದಾದರೆ ಇನ್ನೂ ಸಂತೋಷ. ಅವರನ್ನು ಪಕ್ಕದ ಮನೆಯವರೆಂದು ಪರಿಗಣಿಸಬಹುದೇ ಎಂಬ ಬಗ್ಗೆ ಮಾತ್ರ ಇನ್ನೂ ಚರ್ಚೆ ನಡೆದಿದೆ.

ಖಾಲಿ ಚೌಕಗಳ ಎದುರು ಇನ್ನೂ ಕಾಯುತ್ತಿರುವ,
ತಮ್ಮ ವಿಶ್ವಾಸಿ
ಸುಚಿತ್ರಾ

ತಾ.ಕ.: ಮತ್ತೆ ಕರೆಯುವ ಮನಸ್ಸಾದರೆ ದಯವಿಟ್ಟು ನೀರು ಬಾರದ ದಿನವೇ ಕರೆಯಿರಿ. ಆ ದಿನ ನಾವೂ ತಮ್ಮಂತೆಯೇ, ನೀರಿನ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತನಾಡುವಷ್ಟು ಬಿಡುವಾಗಿರುತ್ತೇವೆ.