ಗೋಲ್ಕೊಂಡದ ಚಪ್ಪಾಳೆ ಮತ್ತು ನನ್ನ ಮೊಣಕಾಲು

ವಯಸ್ಸಾಗುತ್ತ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ರಕ್ತದೊತ್ತಡ. ನನಗೆ ಬಂದದ್ದು ಮಾಹಿತಿ. ಹೈದರಾಬಾದ್ ಎಂಬ ಈ ಮಹಾನಗರದ ವಿಷಯದಲ್ಲಿ ನನಗೆ ಎಷ್ಟೆಷ್ಟೋ ಸಂಗತಿಗಳು ಗೊತ್ತು, ಅವು ಒಳಗೆ ನಿಲ್ಲುವುದಿಲ್ಲ ಎಂಬುದೇ ಕಾಯಿಲೆಯ ಲಕ್ಷಣ. ಮನೆಗೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಒಂದು ಸಂಗತಿ, ನೀರು ಕುಡಿಯುವಷ್ಟರಲ್ಲಿ ಇನ್ನೊಂದು. ಸಮುದ್ರವೇ ಇಲ್ಲದ ಊರು ಮುತ್ತಿಗೆ ಹೆಸರಾದದ್ದು ಹೇಗೆ ಎಂದು ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದ್ದೇನೆ. ಅವನು ಭುಜದ ಮೇಲಿನ ಭಾರವನ್ನು ಇಳಿಸದೆಯೇ ಕೇಳಿದ, ಸಂಭಾವಿತ. ನನ್ನ ಹೆಂಡತಿ ಶಾಂತಾ ಮಾತ್ರ ಇದಕ್ಕೆ ಒಂದು ಮದ್ದು ಕಂಡುಕೊಂಡಿದ್ದಾಳೆ. ನಾನು ‘ಕುತುಬ್ ಶಾಹಿ ಕಾಲದಲ್ಲಿ’ ಎಂದು ಬಾಯಿ ತೆರೆದ ಕೂಡಲೇ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತದೆ. ಚಟ್ನಿಗೆ ಕಾಯಿ ಇಲ್ಲದ ದಿನವೂ ತಿರುಗುತ್ತದೆ.

ಆದರೆ ಹೇಳಿ, ಇಂಥ ಊರನ್ನು ಮೆಚ್ಚದೆ ಇರುವುದು ಹೇಗೆ? ನಾನು ಮೂಲತಃ ರಾಯಚೂರಿನವನು. ನಮ್ಮ ಅಜ್ಜ ರಾಯಚೂರಿನ ಕಟ್ಟೆಯ ಮೇಲೆ ಕೂತು ‘ರಾಜಧಾನಿಗೆ ಹೋಗಿ ಬರ್ತೀನಿ’ ಎಂದರೆ ಅದು ಹೈದರಾಬಾದೇ ಆಗಿತ್ತು. ಆಗ ನಾವೆಲ್ಲ ನಿಜಾಮರ ಪ್ರಜೆಗಳು. ಆಮೇಲೆ ಗೆರೆ ಎಳೆದರು, ರಾಯಚೂರು ಒಂದು ನಾಡಿಗೆ ಹೋಯಿತು, ರಾಜಧಾನಿ ಇನ್ನೊಂದು ನಾಡಿಗೆ ಹೋಯಿತು. ನಾನು ನೌಕರಿಗೆಂದು ಬಂದು ನಾರಾಯಣಗೂಡದಲ್ಲಿ ಮನೆ ಮಾಡಿದಾಗ ‘ಪರರಾಜ್ಯಕ್ಕೆ ಹೋದ’ ಎಂದು ಬಂಧುಗಳು ಮರುಗಿದರು. ಪರರಾಜ್ಯವೆಂಥದು, ನಾನು ಅಜ್ಜನ ರಾಜಧಾನಿಗೆ ವಾಪಸು ಬಂದವನು! ಈ ಊರಿನ ದೊಡ್ಡಸ್ತಿಕೆ ಇರುವುದೇ ಅಲ್ಲಿ. ಬೇರೆ ಕಡೆ ದೇಶ ಮೊದಲು, ಆಮೇಲೆ ಅದಕ್ಕೊಂದು ರಾಜಧಾನಿ. ಇಲ್ಲಿ ರಾಜಧಾನಿ ಗಟ್ಟಿಯಾಗಿ ಕೂತಿದೆ, ಸುತ್ತಲಿನ ದೇಶ ಬದಲಾಗುತ್ತ ಬಂದಿದೆ. ಸುಲ್ತಾನರ ದೇಶ, ನಿಜಾಮರ ದೇಶ, ಆಂಧ್ರಪ್ರದೇಶ, ಈಗ ತೆಲಂಗಾಣ. ಎರಡು ರಾಜ್ಯ ಬೇರೆಯಾದ ಮೇಲೂ ಹತ್ತು ವರ್ಷ ಇಬ್ಬರಿಗೂ ಇದೇ ರಾಜಧಾನಿ ಎಂದು ಕಾಗದದಲ್ಲಿ ಬರೆದಿತ್ತು. ಪಾಲಾದ ಅಣ್ಣತಮ್ಮಂದಿರು ಒಂದೇ ಜಗಲಿಯ ಮೇಲೆ ಮಲಗಿದ ಹಾಗೆ. ಊರು ಮಾತ್ರ ಏನೂ ಆಗದವರಂತೆ ಚಹದಲ್ಲಿ ಬಿಸ್ಕತ್ತು ಅದ್ದುತ್ತ ಕೂತಿತ್ತು.

ನನ್ನ ಮಗಳು ನಂದಾ ಕೂತಲ್ಲಿಂದ ಕದಲದ ಈ ಗಾಂಭೀರ್ಯವನ್ನು ಊರಿನಿಂದ ಕಲಿತಳೋ ತಾಯಿಯಿಂದ ಕಲಿತಳೋ ತಿಳಿಯದು. ನಾರಾಯಣಗೂಡದ ಕೋಚಿಂಗ್ ಸೆಂಟರೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ವಿಜಯಪುರದ ಮಹೇಶ ಎಂಬ ಹುಡುಗನ ಸಂಬಂಧ ಬಂತು, ಬ್ಯಾಂಕಿನಲ್ಲಿ ಅಧಿಕಾರಿ. ಇಬ್ಬರೂ ಮಾತಾಡಿದರು, ಒಪ್ಪಿದರು. ಮಗಳದು ಒಂದೇ ಷರತ್ತು: ತಾನು ಹೈದರಾಬಾದ್ ಬಿಡುವುದಿಲ್ಲ. ಹುಡುಗ ‘ನಾನೇ ಇಲ್ಲಿಗೆ ವರ್ಗ ಮಾಡಿಸಿಕೊಳ್ತೀನಿ’ ಎಂದ. ಅಡ್ಡ ನಿಂತವರು ಅವನ ತಂದೆ ಪಾಟೀಲ ಮಾಸ್ತರರು, ನಿವೃತ್ತ ಇತಿಹಾಸ ಶಿಕ್ಷಕರು. ‘ಹೆಣ್ಣು ಗಂಡಿನ ಊರಿಗೆ ಬರಬೇಕ್ರಿ, ಗಂಡು ಹೆಣ್ಣಿನ ಊರಿಗೆ ಹೋಗೋದು ಯಾವ ರಿವಾಜು?’ ಎಂದು ಫೋನಿನಲ್ಲೇ ಗುಡುಗಿದ್ದರು. ಕಡೆಗೆ ಮಗನ ಒತ್ತಾಯಕ್ಕೆ, ‘ಆ ಊರಾಗ ಅಂಥಾದ್ದೇನೈತಿ ನೋಡೇ ಬರ್ತೀನಿ’ ಎಂದು ಹೆಂಡತಿ ಗೌರಮ್ಮನವರನ್ನೂ ಮಗನನ್ನೂ ಕರೆದುಕೊಂಡು ಹೊರಟರು. ನೋಡಿ ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ಮಗಳ ಬದುಕು ಒಂದು ಊರಿನ ಮೇಲೆ ನಿಂತಿತು. ಆ ಊರಿನ ಬಗ್ಗೆ ಎಲ್ಲವನ್ನೂ ಬಲ್ಲವನು ನಾನು. ಭಗವಂತ ನನಗೆ ಇಷ್ಟು ಮಾಹಿತಿಯನ್ನು ಯಾಕೆ ಕೊಟ್ಟಿದ್ದ ಎಂಬುದು ಆ ಹೊತ್ತಿಗೆ ಸ್ಪಷ್ಟವಾಯಿತು.

ಬಂದ ದಿನವೇ ಚಾರ್‌ಮಿನಾರಿಗೆ ಕರೆದೊಯ್ದೆ. ಕೆಳಗೆ ನಿಂತು ಕತ್ತು ಎತ್ತಿ, ‘ನಾಲ್ಕು ನೂರು ವರ್ಷಕ್ಕೂ ಹಿಂದಿನದು’ ಎಂದೆ. ಮಾಸ್ತರರು ಕತ್ತು ಎತ್ತಲಿಲ್ಲ. ಕಮಾನಿನ ನಡುವೆ ಕಣ್ಣು ಹಾಯಿಸಿ, ‘ಮಿನಾರು ನಾಲ್ಕು ಅದಾವು, ಹೌದು. ನಡುವ ಏನೈತ್ರಿ? ಖಾಲಿ. ನಮ್ಮ ಗೋಲಗುಮ್ಮಟ ನೋಡ್ರಿ, ನಡುವ ಒಂದ ಕಂಬ ಇಲ್ದ ನಿಂತೈತಿ’ ಎಂದರು. ನಾನು ಗೋಲ್ಕೊಂಡದ ವಜ್ರಗಳ ಬಗ್ಗೆ ಹೇಳಿದೆ. ಒಂದಾನೊಂದು ಕಾಲಕ್ಕೆ ಜಗತ್ತಿನ ದೊಡ್ಡ ದೊಡ್ಡ ವಜ್ರಗಳೆಲ್ಲ ಈ ಸೀಮೆಯ ನೆಲದಿಂದಲೇ ಹೋದವು ಎಂದೆ. ‘ಹೋದವಲ್ರಿ, ಈಗೆಲ್ಲಿ ಅದಾವು? ನಮ್ಮ ಮಲಿಕ್-ಎ-ಮೈದಾನ್ ತೋಪು ನೋಡ್ರಿ, ಇಟ್ಟ ಜಾಗಾದಾಗ ಐತಿ. ಯಾರೂ ಒಯ್ದಿಲ್ಲ.’ ಅದನ್ನು ಯಾರು ಹೇಗೆ ಒಯ್ಯಬೇಕು ಎಂದು ನಾನು ಕೇಳಲಿಲ್ಲ; ಬೀಗರಾಗಬೇಕಾದವರು. ನಿಜಾಮರೊಬ್ಬರು ನಿಂಬೆಹಣ್ಣಿನಂಥ ವಜ್ರವನ್ನು ಕಾಗದ ಹಾರದಂತೆ ಮೇಲಿಡುತ್ತಿದ್ದರಂತೆ ಎಂದೆ. ‘ನಮ್ಮಲ್ಲಿ ಅದಕ್ಕ ಕಲ್ಲು ಇಡ್ತಾರ’ ಎಂದರು. ಬರಬರುತ್ತ ನಮ್ಮಿಬ್ಬರ ಮಾತಿನಲ್ಲಿ ಸುಲ್ತಾನರೆಲ್ಲ ನಮ್ಮ ನಮ್ಮ ದೊಡ್ಡಪ್ಪ ಚಿಕ್ಕಪ್ಪಂದಿರಾದರು. ‘ನಿಮ್ಮವರು’, ‘ನಮ್ಮವರು’ ಎಂದು ಎರಡು ಬಿಳಿ ಪಂಚೆಗಳು ನಡುರಸ್ತೆಯಲ್ಲಿ ನಿಂತು ಆದಿಲ್ ಶಾಹಿ, ಕುತುಬ್ ಶಾಹಿಗಳ ಪರವಾಗಿ ಕೈ ಬೀಸುವುದನ್ನು ಸುತ್ತಲಿನ ತಳ್ಳುಗಾಡಿಯವರು ಆಸಕ್ತಿಯಿಂದ ನೋಡಿದರು.

ಈ ಸಮರ ನಡೆದಿರುವಾಗ ಹೆಂಗಸರು ಪಕ್ಕದ ಲಾಡ್ ಬಜಾರಿನಲ್ಲಿ ಬಳೆ ಅಂಗಡಿಯ ಮುಂದೆ ಕೂತಿದ್ದರು. ಗೌರಮ್ಮನವರು ಬಂದಾಗಿನಿಂದ ‘ಹೂಂ’ ಬಿಟ್ಟು ಮಾತಾಡಿರಲಿಲ್ಲ. ಅಲ್ಲಿ ಅರಗಿನ ಬಳೆಯೊಂದನ್ನು ಕೈಗೇರಿಸಿಕೊಂಡು, ಬಳೆಗಾರನಿಗೆ, ‘ನಕ್ಕೋ ಭೈಯ್ಯಾ, ಬ್ಯಾಡ, ಇದರ ರಂಗ್ ಹೋಗ್ತೈತಿ’ ಎಂದರು. ಅವನು ಎದೆಯ ಮೇಲೆ ಕೈಯಿಟ್ಟು, ‘ಬಿಲ್ಕುಲ್ ನಹೀ ಜಾತಾ ಅಮ್ಮಾ. ಆಪ್ ಬೀಜಾಪುರ್ ಕೇ ಹೈ ನಾ?’ ಎಂದ. ‘ಅಯ್ಯ ಇವನ! ಗುರ್ತ ಹಿಡದ್ನಲ್ರಿ ಅಕ್ಕಾರ!’ ಎಂದು ಅವರು ಶಾಂತಾಳ ತೊಡೆಗೆ ಹೊಡೆದು ನಕ್ಕರು. ಅಲ್ಲಿಂದ ಅವರ ಅರ್ಧ ಕನ್ನಡ ಅರ್ಧ ದಖನಿ ಉರ್ದು, ಅವನ ಅರ್ಧ ದಖನಿ ಅರ್ಧ ತೆಲುಗು, ಎರಡೂ ಸೇರಿ ಬಳೆಯ ಬಣ್ಣದಿಂದ ಹಿಡಿದು ಅವನ ಅಕ್ಕನ ಹೆರಿಗೆಯವರೆಗೆ ಹೋದವು. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ನಾನು ಆಗ ಹುಸೇನ್ ಸಾಗರದ ವಿಸ್ತೀರ್ಣದಲ್ಲಿ ಮುಳುಗಿದ್ದೆ.

ಅನಾಹುತವಾದದ್ದು ಇರಾನಿ ಹೋಟೆಲಿನಲ್ಲಿ. ಚಹ ಬಂತು, ಉಸ್ಮಾನಿಯಾ ಬಿಸ್ಕತ್ತು ಬಂತು. ಮಾಸ್ತರರು ಒಂದು ಗುಟುಕು ಕುಡಿದು, ‘ಚಾ ಭಾಳ ಚಲೋ ಐತಿ’ ಎಂದರು. ಬಂದಾಗಿನಿಂದ ಅವರು ಒಪ್ಪಿದ ಮೊದಲ ಸಂಗತಿ ಅದು, ಮತ್ತು ಅದನ್ನು ನಾನು ಹೇಳಿರಲಿಲ್ಲ. ಆ ಒಂದು ಮಾತಿಗೆ ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ಗಳಿಗೆ ಒಳ್ಳೆಯದಿದೆ, ಸಂಬಂಧವನ್ನು ಇಲ್ಲೇ ಬೆಸೆದುಬಿಡೋಣ ಎಂದು ನನ್ನ ಭಂಡಾರದ ಅಡಿಯಲ್ಲಿ ಬಚ್ಚಿಟ್ಟಿದ್ದ ಅಮೂಲ್ಯ ಸಂಗತಿಯನ್ನು ಹೊರತೆಗೆದೆ. ‘ಮಾಸ್ತರ್ರೆ, ನಾವೇನು ಹೊಸದಾಗಿ ಬೀಗರಾಗ್ತಿಲ್ಲ. ಚಾರ್‌ಮಿನಾರ್ ಕಟ್ಟಿಸಿದ ಸುಲ್ತಾನನ ಒಡಹುಟ್ಟಿದವಳನ್ನ ನಿಮ್ಮ ವಿಜಾಪುರದ ಸುಲ್ತಾನನಿಗೇ ಕೊಟ್ಟಿದ್ರು!’ ಎಂದು ಎರಡೂ ಕೈ ಚಾಚಿ ಒರಗಿ ಕೂತೆ.

ಮಾಸ್ತರರ ಮುಖ ಅರಳಿತು. ಚಹದ ಬಸಿಯನ್ನು ಮೆಲ್ಲಗೆ ಕೆಳಗಿಟ್ಟರು. ‘ಖರೇ ಐತಿ, ನಾನೂ ಮಕ್ಕಳಿಗೆ ಇದನ್ನ ಕಲಿಸೇನಿ. ಹಂಗಾರ ರಿವಾಜು ಆಗ್ಲೇ ಆಗೇತಲ್ರಿ! ಗೋಲ್ಕೊಂಡದ ಹುಡುಗಿ ವಿಜಾಪುರಕ್ಕ ಬಂದ್ಲು. ನಮ್ಮ ಸುಲ್ತಾನ ವರ್ಗ ಮಾಡಿಸ್ಕೊಂಡು ಇಲ್ಲಿಗೆ ಬರ್ಲಿಲ್ಲ.’

ಮೇಜಿನ ಕೆಳಗೆ ಶಾಂತಾಳ ಕಾಲು ನನ್ನ ಕಾಲನ್ನು ಹುಡುಕಿ ಒಂದು ಅಭಿಪ್ರಾಯ ತಿಳಿಸಿತು. ಮಹೇಶ ಬಿಸ್ಕತ್ತನ್ನು ಚಹದಲ್ಲಿ ಅದ್ದಿ ಮರೆತ; ಅದು ಕರಗಿ ತಳಕ್ಕೆ ಹೋಯಿತು. ನಂದಾ ನನ್ನನ್ನು ನೋಡಿದ ನೋಟವಿತ್ತಲ್ಲ, ಅದರಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ‘ಅಪ್ಪಾ, ಇದನ್ನೂ ಹೇಳ್ಬೇಕಿತ್ತಾ?’ ಎಂದಳು, ಅಷ್ಟೆ, ಬಹಳ ಸಣ್ಣ ದನಿಯಲ್ಲಿ. ಮನೆಗೆ ಬರುವವರೆಗೂ ನಾನು ಒಂದೇ ಒಂದು ಸಂಗತಿ ಹೇಳಲಿಲ್ಲ. ದಾರಿಯಲ್ಲಿ ಹೈಕೋರ್ಟಿನ ಗುಮ್ಮಟಗಳು ಬಂದು ಹೋದವು; ನಾಲಗೆ ಕಚ್ಚಿ ಹಿಡಿದೆ.

ಮರುದಿನ ಬೆಳಿಗ್ಗೆ ಶಾಂತಾ ಉಪ್ಪಿಟ್ಟು ತಿರುವುತ್ತ, ನಾನು ಕಂಡರಿಯದ ಮೆತ್ತನೆಯ ದನಿಯಲ್ಲಿ, ‘ರೀ, ಇವತ್ತು ಗೋಲ್ಕೊಂಡ ಕಿಲ್ಲೆಕ್ಕ ಹೋಗೋದೈತಲ್ಲ, ಮೆಟ್ಲ ಭಾಳ. ನಿಮ್ಮ ಮಣಕಾಲು ಹೆಂಗದಾವು?’ ಎಂದಳು. ನನ್ನ ಮೊಣಕಾಲಿನ ಬಗ್ಗೆ ಈ ಸಂಸಾರದಲ್ಲಿ ಯಾರೂ ವಿಚಾರಿಸಿದ್ದಿಲ್ಲ. ಕಣ್ಣು ತೇವವಾಯಿತು. ‘ಪರವಾಗಿಲ್ಲ’ ಎಂದೆ. ‘ಇಲ್ರಿ, ನೀವು ಕೆಳಗs ಇರ್ರಿ. ಚಪ್ಪಾಳಿ ಹೊಡಿಯಾಕ ತಿಳದವರು ಒಬ್ರು ಬೇಕಲ್ಲ. ನಾವು ಮ್ಯಾಲ ನಿಂತು ಕೇಳ್ತೀವಿ’ ಎಂದಳು. ವಿಷಯ ಹೀಗಿದೆ: ಗೋಲ್ಕೊಂಡದ ಕೆಳಗಿನ ಹೆಬ್ಬಾಗಿಲಿನ ಗುಮ್ಮಟದಡಿ ನಿಂತು ಚಪ್ಪಾಳೆ ಹೊಡೆದರೆ ಬೆಟ್ಟದ ತುದಿಯ ದರ್ಬಾರಿನಲ್ಲಿ, ಸುಮಾರು ಒಂದು ಕಿಲೋಮೀಟರು ಆಚೆ, ಸ್ಪಷ್ಟವಾಗಿ ಕೇಳುತ್ತದೆ. ಶತ್ರು ಬಂದರೆ ಮೇಲಿನವರಿಗೆ ತಿಳಿಯಲೆಂದು ಮಾಡಿದ್ದು. ಕೆಳಗೆ ನಿಂತವರ ದನಿ ಮೇಲೆ ಕೂತವರಿಗೆ ಕೇಳಿಸಲೇಬೇಕೆಂದು ಕಲ್ಲಿನಲ್ಲಿ ಏರ್ಪಾಡು ಮಾಡಿದ ಸರ್ಕಾರ ನನಗೆ ತಿಳಿದಂತೆ ಇದೊಂದೇ. ವಿಜಯಪುರದ ಗೋಲಗುಮ್ಮಟದ ಮಾರ್ದನಿಗೆ ಸರಿಸಾಟಿ ಇರುವುದು ಇದಕ್ಕೊಂದಕ್ಕೇ. ನಿನ್ನೆ ಬಾಯಿ ಕೆಡಿಸಿದ್ದನ್ನು ಇಂದು ಕೈ ಸರಿಪಡಿಸಲಿ ಎಂದು ನಾನು ಸಮ್ಮತಿಸಿದೆ.

ಅವರೆಲ್ಲ ಮೆಟ್ಟಿಲೇರಿ ಹೋದರು. ನಾನು ಗುಮ್ಮಟದಡಿ ನಿಂತು, ಅವರು ತುದಿ ಮುಟ್ಟುವಷ್ಟು ಹೊತ್ತು ಕಾದು, ಪಂಚೆ ಸರಿಪಡಿಸಿಕೊಂಡು, ಒಂದು ಚಪ್ಪಾಳೆ ಹೊಡೆದೆ. ಮಂಗಳಾರತಿಯ ಚಪ್ಪಾಳೆಯಲ್ಲ, ಸಭೆಯ ಚಪ್ಪಾಳೆಯಲ್ಲ. ಹೆಣ್ಣು ಹೆತ್ತವನ ಚಪ್ಪಾಳೆ. ಉತ್ತರ ಬರಲಿಲ್ಲ. ಬರುವುದೂ ಇಲ್ಲ, ಮೇಲಿನವರು ಏನೆಂದರೆಂಬುದು ಕೆಳಗೆ ನಿಂತವನಿಗೆ ತಿಳಿಯುವುದಿಲ್ಲ, ಅಷ್ಟರಮಟ್ಟಿಗೆ ಅದೂ ಸರ್ಕಾರವೇ. ಮೊಬೈಲಿನಿಂದ ಶಾಂತಾಳಿಗೆ ಫೋನು ಮಾಡಿದೆ, ಎತ್ತಲಿಲ್ಲ. ಸುಲ್ತಾನರ ಕಾಲದ ವ್ಯವಸ್ಥೆ ಮುಟ್ಟುತ್ತದೆ, ನನ್ನ ಮೊಬೈಲ್ ಕಂಪನಿಯದು ಮುಟ್ಟುವುದಿಲ್ಲ. ಮತ್ತೊಂದು ಹೊಡೆದೆ. ಅಷ್ಟರಲ್ಲಿ ಪ್ರವಾಸಿಗಳ ಗುಂಪೊಂದು ಬಂದು ಎಲ್ಲರೂ ಹೊಡೆಯತೊಡಗಿದರು. ನನ್ನ ಮಗಳ ಮದುವೆಯ ಚಪ್ಪಾಳೆ ಇವರ ಗದ್ದಲದಲ್ಲಿ ಕಳೆದುಹೋಗುತ್ತದಲ್ಲ ಎಂದು ಜೀವ ಹಾರಿತು. ‘ಸ್ವಲ್ಪ ನಿಲ್ಲಿಸಿ’ ಎಂದು ಮೂರು ಭಾಷೆಗಳಲ್ಲಿ ಬೇಡಿಕೊಂಡೆ. ನಾನು ಕೋಟೆಯ ಅಧಿಕಾರಿಯೆಂದು ತಿಳಿದು ನಿಲ್ಲಿಸಿದರು. ಆ ಮೌನದಲ್ಲಿ ಅಂಗೈ ಉರಿಯುವಂತೆ ಒಂದೇ ಒಂದು ಹೊಡೆದೆ.

ಬಹಳ ಹೊತ್ತಿನ ಮೇಲೆ ಅವರು ಇಳಿದು ಬಂದರು. ಮುಂದೆ ಗೌರಮ್ಮನವರು, ಕೈತುಂಬ ಹೊಸ ಬಳೆ. ಹಿಂದೆ ನಂದಾ, ಮಹೇಶ. ಕಡೆಗೆ ಮಾಸ್ತರರು, ಬೆವರು ಒರೆಸಿಕೊಳ್ಳುತ್ತ, ಯಾವುದೋ ಕೋಟೆಯನ್ನು ಬಿಟ್ಟುಕೊಟ್ಟವರ ನಡಿಗೆಯಲ್ಲಿ. ‘ಬೀಗರ, ನಿಮ್ಮ ಚಪ್ಪಾಳಿ ಕೇಳಿಸ್ತ್ರಿ’ ಎಂದರು. ಬೀಗರ! ನಾನು ಗುಮ್ಮಟದ ಗೋಡೆಗೆ ಒರಗಿದೆ.

ಮೇಲೆ ನಡೆದದ್ದನ್ನು ನಂದಾ ನಗು ತಡೆಯುತ್ತ ಹೇಳಿದಳು. ಚಪ್ಪಾಳೆ ಕೇಳಿಸಿದೆ. ಮಾಸ್ತರರು, ‘ಕೇಳಿಸ್ತು, ಆದ್ರ ಒಂದ ಸಲ. ನಮ್ಮ ಗೋಲಗುಮ್ಮಟದಾಗ ಏಳು ಸಲ...’ ಎಂದು ಶುರು ಮಾಡಿದ್ದಾರೆ. ಗೌರಮ್ಮನವರು ತಡೆದರಂತೆ. ‘ಅಲ್ಲಿ ನಾವು ಅಂದದ್ದು ನಮಗs ಏಳು ಸಲ ಕೇಳತೈತಿ. ಲಗ್ನಾದಾಗಿಂದ ನಿಮ್ಮ ಮನ್ಯಾಗ ನಾ ಅದನ್ನ ಕೇಳಾಕತ್ತೀನಿ. ಇಲ್ಲಿ ಅಂದದ್ದು ಇನ್ನೊಬ್ಬರಿಗೆ ಹೋಗಿ ಮುಟ್ತೈತಿ. ಬೆಂಗಳೂರಾಗ ನಮ್ಮ ತಂಗಿ ಮನಿಗೆ ಹೋದ್ರ ಕಾಯಿಪಲ್ಲೆ ಮಾರಾವ ಸೈತ ನನ್ನ ಮಾತಿಗೆ ನಗ್ತಾನ. ನಾ ಬಾಯಿ ಮುಚ್ಚಿ ಕೂಡ್ತೀನಿ. ನಿನ್ನೆ ಆ ಬಳಿಗಾರ ನಗ್ಲಿಲ್ಲ, ನನ್ನ ಊರು ಕೇಳಿದ. ಮಗ ಇಲ್ಲಿದ್ರ, ನಾ ಬಂದಾಗ ಮೂಕಿ ಆಗಂಗಿಲ್ಲ. ಇಲ್ಲೇ ಇರ್ಲಿ.’ ಮಾಸ್ತರರು ‘ಹಂಗಂತೀಯಾ?’ ಎಂದರಂತೆ. ‘ಹಂಗs ಅಂತೀನಿ.’ ‘ರಿವಾಜು?’ ‘ರಿವಾಜು ಸುಲ್ತಾನಗ. ನೀವೇನು ಸುಲ್ತಾನರಾ?’ ಅಲ್ಲಿಗೆ ಆದಿಲ್ ಶಾಹಿ ಮುಗಿಯಿತು.

ಅಜ್ಜನ ರಾಜಧಾನಿಯ ಮೇಲೆ ನನಗೆ ಆಗ ಉಕ್ಕಿದ ಅಭಿಮಾನವನ್ನು ಹೇಳಲಾರೆ. ಇಷ್ಟು ವರ್ಷ ನಾನು ಕೂಡಿಹಾಕಿದ ಸಂಗತಿಗಳಲ್ಲಿ ಈ ಒಂದು ಮಾತ್ರ ಇರಲಿಲ್ಲ: ಬಂದವರ ಬಾಯಿ ಮುಚ್ಚಿಸದ ಊರು ಇದು. ಆದರೂ ನಾವು ಮೂವರೇ ಮನೆಗೆ ಹೋಗುವ ಆಟೋದಲ್ಲಿ ಸುಮ್ಮನಿರಲಾರದೆ ಶಾಂತಾಳಿಗೆ, ‘ಏನೇ ಹೇಳು, ಆ ಕೊನೇ ಚಪ್ಪಾಳೆ ಸರಿಯಾದ ಗಳಿಗೆಯಲ್ಲಿ ಬಿತ್ತು. ನಾನು ಕೆಳಗೆ ನಿಂತದ್ದಕ್ಕೇ ಕೆಲಸ ಆಯಿತು’ ಎಂದೆ.

‘ಹೌದ್ರಿ’ ಎಂದಳು ಶಾಂತಾ, ಹೊರಗೆ ನೋಡುತ್ತ. ‘ನೀವು ಕೆಳಗ ನಿಂತದ್ದಕ್ಕs ಆತು. ನಿಮ್ಮ ಚಪ್ಪಾಳಿ ಮ್ಯಾಲಿನ ತನಕ ಕೇಳಿಸ್ತು, ನಿಮ್ಮ ಮಾತು ಕೇಳಿಸ್ಲಿಲ್ಲ. ಕಟ್ಟಿಸಿದ ಸುಲ್ತಾನ ಪುಣ್ಯಾತ್ಮ.’

ಆಟೋದ ಕನ್ನಡಿಯಲ್ಲಿ ಮಗಳು ನಗುತ್ತಿದ್ದಳು. ನಾನು ನನ್ನ ಎರಡೂ ಮೊಣಕಾಲುಗಳನ್ನು ಒತ್ತಿ ನೋಡಿಕೊಂಡೆ. ಎಲ್ಲಿಯೂ ನೋವಿರಲಿಲ್ಲ. ಗೋಲ್ಕೊಂಡದ ನಿರ್ಮಾಣದಲ್ಲಿ ಚಪ್ಪಾಳೆಯನ್ನು ಮೇಲಕ್ಕೆ ಬಿಟ್ಟು ಉಪನ್ಯಾಸವನ್ನು ಕೆಳಗೇ ತಡೆಯುವ ಚಾತುರ್ಯ ಉಂಟೆಂಬುದನ್ನು ಅಲ್ಲಿನ ಯಾವ ಗೈಡೂ ಹೇಳುವುದಿಲ್ಲ. ಇದು ನನ್ನದೇ ಶೋಧ, ಬಹಳ ಸ್ವಾರಸ್ಯದ ಸಂಗತಿ. ಆದರೆ ಯಾರಿಗೂ ಹೇಳುವ ಹಾಗಿಲ್ಲ. ಮಗಳ ತಲೆಯ ಮೇಲೆ ಅಕ್ಷತೆ ಬೀಳುವವರೆಗೆ ನನ್ನ ಮೊಣಕಾಲು ನೋಯುತ್ತಿರುತ್ತದೆ ಎಂದು ಶಾಂತಾ ತೀರ್ಮಾನಿಸಿದ್ದಾಳೆ.